ನಾಕ್-ನಕ್ಷಾ: ಪೆನ್ಸಿಲಿನಲ್ಲಿ ಮುಖದ ಹೋಲಿಕೆ ಹಿಡಿಯುವುದು

ತರಗತಿಯಲ್ಲಿ ಒಬ್ಬರಿಗೆ ಚಿತ್ರ ಬಿಡಿಸಲು ಬರುತ್ತದೆ ಎಂದು ಗೊತ್ತಾದರೆ ಸಾಕು, ಊಟದ ಬಿಡುವಿನಲ್ಲಿ ಎಲ್ಲರದೂ ಒಂದೇ ಬೇಡಿಕೆ: "ನನ್ನದೊಂದು ಬಿಡಿಸು." ಯಾರೂ ಗುಡ್ಡ, ತೆಂಗಿನಮರ, ಸೂರ್ಯೋದಯ ಕೇಳುವುದಿಲ್ಲ. ಮುಖ ಬೇಕು, ಅದೂ ತಮ್ಮದೇ ಮುಖ ಬೇಕು. ಮರದ ಕೊಂಬೆ ಸ್ವಲ್ಪ ಅತ್ತಿತ್ತ ಆದರೆ ಮರ ಬಂದು ಜಗಳ ಮಾಡುವುದಿಲ್ಲ. ಮುಖದ ಲೆಕ್ಕ ಬೇರೆ. ಕಣ್ಣು ಎರಡು ಮಿಲಿಮೀಟರ್ ಮೇಲೆ ಸರಿದರೆ ಹಾಳೆಯ ಮೇಲಿರುವವರು ಬೇರೆ ಯಾರೋ ಆಗಿಬಿಡುತ್ತಾರೆ. ಕಣ್ಣು ಚೆಂದ, ಮೂಗು ಚೆಂದ, ತುಟಿ ಚೆಂದ, ಆದರೆ ಎಲ್ಲವೂ ಸೇರಿದಾಗ ನೋಡಿದವರು "ಯಾರಿದು?" ಎಂದು ಕೇಳುತ್ತಾರೆ.

ಆ "ಯಾರಿದು?" ಎಂಬ ಪ್ರಶ್ನೆ ಏಕೆ ಹುಟ್ಟುತ್ತದೆ, ಅದು ಹುಟ್ಟದಂತೆ ಏನು ಮಾಡಬಹುದು ಎಂಬುದು ಈ ಲೇಖನದ ವಿಷಯ. ನಾನು ಕಾಮರ್ಸ್ ವಿದ್ಯಾರ್ಥಿನಿ, ಚಿತ್ರಕಲೆಯ ಯಾವ ಪರೀಕ್ಷೆಯನ್ನೂ ಬರೆದವಳಲ್ಲ. ಮೂರು ವರ್ಷಗಳಿಂದ ಮನೆಯವರನ್ನೂ ಗೆಳತಿಯರನ್ನೂ ಕೂರಿಸಿಕೊಂಡು ಬಿಡಿಸುತ್ತಿದ್ದೇನೆ, ಸಿಕ್ಕಿದ್ದನ್ನು ಓದಿದ್ದೇನೆ. ಅದರಲ್ಲಿ ಕೆಲಸಕ್ಕೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಮಾತು ಉರ್ದು. ಒಬ್ಬರ ಮುಖಲಕ್ಷಣಕ್ಕೆ ನಾವು 'ನಾಕ್-ನಕ್ಷಾ' ಎನ್ನುತ್ತೇವೆ. ಮದುವೆಗೆ ಹೆಣ್ಣು ನೋಡಿ ಬಂದ ಖಾಲಾಗಳ ಬಾಯಲ್ಲಿ ಈ ಮಾತು ಹೆಚ್ಚು. ನಾಕ್ ಎಂದರೆ ಮೂಗು. ನಕ್ಷಾ ಎಂದರೆ ಕನ್ನಡದ ನಕ್ಷೆಯೇ. ಕನ್ನಡದಲ್ಲಿ ಮುಖಲಕ್ಷಣಕ್ಕೆ ಹೇಳುವ ಚಹರೆ ಕೂಡ ನಮ್ಮ ಮನೆಯ ಚೆಹ್ರಾದ ಬಂಧುವೇ. ಚಿತ್ರ ಬಿಡಿಸುವವರಿಗೆ ಈ ನಕ್ಷೆ ಎಂಬ ಪದ ತುಂಬಾ ಉಪಯೋಗದ್ದು. ಕರ್ನಾಟಕದ ನಕ್ಷೆಯಲ್ಲಿ ಎಲ್ಲ ಊರುಗಳೂ ಒಂದೇ ತರಹದ ಚುಕ್ಕೆಗಳು. ಯಾವುದು ವಿಜಯಪುರ, ಯಾವುದು ಮೈಸೂರು ಎಂದು ಗೊತ್ತಾಗುವುದು ಒಂದರಿಂದ ಇನ್ನೊಂದು ಎಷ್ಟು ದೂರ, ಯಾವ ದಿಕ್ಕಿಗೆ ಎಂಬುದರಿಂದ. ಚುಕ್ಕೆಯನ್ನು ಎಷ್ಟು ಅಂದವಾಗಿ ಬಿಡಿಸಿದರೂ ಮೈಸೂರನ್ನು ಬೀದರಿನ ಪಕ್ಕದಲ್ಲಿಟ್ಟರೆ ಅದು ಮೈಸೂರಲ್ಲ. ಮುಖವೂ ಹಾಗೆಯೇ. ಹೋಲಿಕೆ ಇರುವುದು ನಾಕ್‌ಗಿಂತ ಹೆಚ್ಚಾಗಿ ನಕ್ಷಾದಲ್ಲಿ.

ನಾವು ಮುಖವನ್ನು ಗುರುತು ಹಿಡಿಯುವ ಬಗೆ

ಇದು ನನ್ನ ಊಹೆಯಲ್ಲ. 1973ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಲಿಯಾನ್ ಹಾರ್ಮನ್ ಎಂಬವರು ಅಬ್ರಹಾಂ ಲಿಂಕನ್ನರ ಮುಖವನ್ನು ಕೆಲವೇ ನೂರು ದೊಡ್ಡ ಚೌಕಗಳಾಗಿ ಒಡೆದು ಪ್ರಕಟಿಸಿದರು. ಒಂದೊಂದು ಚೌಕಕ್ಕೂ ಒಂದೇ ಬೂದು ಬಣ್ಣ. ಹತ್ತಿರದಿಂದ ನೋಡಿದರೆ ಬಚ್ಚಲುಮನೆಯ ಟೈಲ್ಸ್ ಹಾಗೆ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿದರೆ ಲಿಂಕನ್ ಪ್ರತ್ಯಕ್ಷ! ಆ ಚಿತ್ರದಲ್ಲಿ ರೆಪ್ಪೆಯಿಲ್ಲ, ತುಟಿಯ ಗೆರೆಯಿಲ್ಲ, ಒಂದು ಕೂದಲೂ ಇಲ್ಲ. ಎಲ್ಲಿ ಕಪ್ಪು, ಎಲ್ಲಿ ಬಿಳುಪು, ಅವುಗಳ ನಡುವೆ ಎಷ್ಟು ಅಂತರ ಎಂಬುದು ಮಾತ್ರ ಇದೆ. ಮುಖವನ್ನು ಗುರುತಿಸಲು ಅಷ್ಟು ಸಾಕಾಯಿತು.

1980ರಲ್ಲಿ ಇಂಗ್ಲೆಂಡಿನ ಪೀಟರ್ ಥಾಂಪ್ಸನ್ ಇನ್ನೊಂದು ತಮಾಷೆಯ ಪ್ರಯೋಗ ಮಾಡಿದರು. ಮಾರ್ಗರೆಟ್ ಥ್ಯಾಚರ್ ಅವರ ಫೋಟೊದಲ್ಲಿ ಕಣ್ಣು ಮತ್ತು ಬಾಯನ್ನಷ್ಟೇ ತಲೆಕೆಳಗು ಮಾಡಿ ಅಂಟಿಸಿದರು. ಇಡೀ ಫೋಟೊವನ್ನು ತಲೆಕೆಳಗಾಗಿ ಹಿಡಿದಾಗ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ನೇರ ಮಾಡಿದ ಕೂಡಲೇ ಬೆಚ್ಚಿಬೀಳುವಷ್ಟು ವಿಕಾರ. ನೇರವಾಗಿರುವ ಮುಖವನ್ನು ನಮ್ಮ ಮಿದುಳು ಬಿಡಿಬಿಡಿಯಾಗಿ ನೋಡುವುದಿಲ್ಲ, ಅಂಗಗಳ ನಡುವಿನ ಸಂಬಂಧವನ್ನು ಒಟ್ಟಿಗೆ ಓದುತ್ತದೆ. ತಲೆಕೆಳಗಾದಾಗ ಆ ಓದು ನಿಂತುಹೋಗುತ್ತದೆ. ಈ ಎರಡನೆಯ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು 2003ರದು. ಅಮೆರಿಕದ ಎಂಐಟಿಯ ಪವನ್ ಸಿನ್ಹಾ ಮತ್ತು ಸಂಗಡಿಗರು ಪ್ರಸಿದ್ಧ ವ್ಯಕ್ತಿಗಳ ಫೋಟೊಗಳಿಂದ ಒಮ್ಮೆ ಕಣ್ಣನ್ನು, ಒಮ್ಮೆ ಹುಬ್ಬನ್ನು ಅಳಿಸಿ ಜನರಿಗೆ ತೋರಿಸಿದರು. ಕಣ್ಣಿಲ್ಲದ ಮುಖಕ್ಕಿಂತ ಹುಬ್ಬಿಲ್ಲದ ಮುಖವನ್ನು ಗುರುತಿಸುವುದೇ ಜನರಿಗೆ ಹೆಚ್ಚು ಕಷ್ಟವಾಯಿತು. ನಾವೆಲ್ಲ ಕಣ್ಣಿನ ಹೊಳಪಿಗೆ ಒಂದು ಗಂಟೆ ಕೊಟ್ಟು, ಹುಬ್ಬನ್ನು ಕೊನೆಯಲ್ಲಿ ಎರಡು ಬಿಲ್ಲುಗಳಂತೆ ಎಳೆದು ಮುಗಿಸುತ್ತೇವಲ್ಲ, ಅದಕ್ಕೇ ಈ ಸಂಗತಿಯನ್ನು ಹೇಳಿದೆ. ಪಕ್ಕದಲ್ಲಿ ಕುಳಿತವರ ಹುಬ್ಬನ್ನು ಈಗಲೇ ಸರಿಯಾಗಿ ನೋಡಿ. ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ತಿರುಗುತ್ತದೆ, ಕಣ್ಣಿಗೂ ಅದಕ್ಕೂ ಎಷ್ಟು ಜಾಗ? ಒಬ್ಬರದು ಇನ್ನೊಬ್ಬರದರಂತೆ ಇರುವುದಿಲ್ಲ. ಒಬ್ಬರದೇ ಎರಡು ಹುಬ್ಬುಗಳೂ ಒಂದೇ ತರಹ ಇರುವುದಿಲ್ಲ.

ಅನುಪಾತ: ಕಾಮರ್ಸಿನವರಿಗೆ ಸುಲಭ

ಅಕೌಂಟೆನ್ಸಿಯಲ್ಲಿ ಅನುಪಾತ ವಿಶ್ಲೇಷಣೆ ಓದಿದವರಿಗೆ ಈ ಭಾಗ ಬೇಗ ಹಿಡಿಯುತ್ತದೆ. ಒಂದು ಸಂಸ್ಥೆಯ ಚಾಲ್ತಿ ಆಸ್ತಿ ನಾಲ್ಕು ಲಕ್ಷ ಎಂದಷ್ಟೇ ಹೇಳಿದರೆ ಅದರ ಸ್ಥಿತಿ ಗೊತ್ತಾಗುವುದಿಲ್ಲ. ಚಾಲ್ತಿ ಹೊಣೆಗಾರಿಕೆ ಎಷ್ಟು ಎಂದು ಕೇಳಿ ಭಾಗಿಸಬೇಕು. 2:1 ಇದ್ದರೆ ಸರಿ ಎಂದು ಪುಸ್ತಕ ಹೇಳುತ್ತದೆ. ಆದರೆ ನಿಜವಾದ ಅಂಗಡಿಗಳಲ್ಲಿ ಒಂದರದು 1.4, ಇನ್ನೊಂದರದು 2.6 ಇರುತ್ತದೆ. ಅಂಗಡಿಯ ಗುಣ ಆ ವ್ಯತ್ಯಾಸದಲ್ಲೇ ತಿಳಿಯುವುದು.

ಮುಖಕ್ಕೂ ಇಂತಹ ಪುಸ್ತಕದ ಅನುಪಾತಗಳಿವೆ. ನೆತ್ತಿಯಿಂದ ಗಲ್ಲದವರೆಗಿನ ಎತ್ತರದ ಸರಿಯಾಗಿ ನಡುವೆ ಕಣ್ಣಿನ ಗೆರೆ. ತಲೆಯ ಅಗಲ ಸುಮಾರು ಐದು ಕಣ್ಣುಗಳಷ್ಟು. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣು ಹಿಡಿಯುವಷ್ಟು ಜಾಗ. ಕಿವಿಯ ಮೇಲ್ತುದಿ ಹುಬ್ಬಿನ ಮಟ್ಟಕ್ಕೆ, ಕೆಳತುದಿ ಮೂಗಿನ ಬುಡದ ಮಟ್ಟಕ್ಕೆ. ಮೂಗಿನ ಬುಡದಿಂದ ಗಲ್ಲದವರೆಗೆ ಮೂರು ಪಾಲು ಮಾಡಿದರೆ ಮೇಲಿನ ಒಂದು ಪಾಲು ಮುಗಿಯುವಲ್ಲಿ ತುಟಿಗಳು ಸೇರುವ ಗೆರೆ.

ಇವುಗಳಲ್ಲಿ ಮೊದಲನೆಯದನ್ನು ಯಾರೂ ನಂಬುವುದಿಲ್ಲ. ಸ್ಕೇಲು ಹಿಡಿದು ಕನ್ನಡಿಯ ಮುಂದೆ ಅಳೆದು ನೋಡಿ. ಹಣೆ ಮತ್ತು ಅದರ ಮೇಲಿನ ತಲೆಯ ಭಾಗದಲ್ಲಿ ನಮಗೆ ಆಸಕ್ತಿಯಿಲ್ಲ. ಮಾತನಾಡುವಾಗ ನೋಡುವುದು ಕಣ್ಣು, ಬಾಯಿ. ಆಸಕ್ತಿ ಇರುವ ಭಾಗ ಮನಸ್ಸಿನಲ್ಲಿ ದೊಡ್ಡದಾಗುತ್ತದೆ, ಇಲ್ಲದ ಭಾಗ ಕುಗ್ಗುತ್ತದೆ. ಹಾಗಾಗಿಯೇ ಹೊಸಬರು ಬಿಡಿಸಿದ ಮುಖಗಳಲ್ಲಿ ಕಣ್ಣು ಹಣೆಯ ಹತ್ತಿರ ಏರಿ, ತಲೆ ಮೇಲಿನಿಂದ ಕೊಯ್ದಂತೆ ಇರುತ್ತದೆ.

ಪುಸ್ತಕದ ಅನುಪಾತ ಯಾರ ಮುಖವೂ ಅಲ್ಲ, ಅದು ಸರಾಸರಿ. ಅದನ್ನೇ ಕಂಠಪಾಠ ಮಾಡಿ ಬಿಡಿಸಿದರೆ ಅಂಗಡಿಯ ಬಟ್ಟೆಗೊಂಬೆಯ ಮುಖ ಬರುತ್ತದೆ. ನಿಮ್ಮ ಎದುರಿಗೆ ಕುಳಿತವರು ಸರಾಸರಿಯಿಂದ ಎಲ್ಲಿ, ಯಾವ ಕಡೆಗೆ, ಎಷ್ಟು ದೂರ ಸರಿದಿದ್ದಾರೆ ಎಂದು ಕಂಡುಹಿಡಿಯುವುದೇ ಕೆಲಸ. ಕಣ್ಣುಗಳ ನಡುವಿನ ಜಾಗ ಒಂದು ಕಣ್ಣಿಗಿಂತ ಕಡಿಮೆಯೋ ಹೆಚ್ಚೋ? ಮೇಲ್ತುಟಿಯ ಮೇಲಿನ ಜಾಗ ಉದ್ದವೋ ಗಿಡ್ಡವೋ? ವ್ಯಂಗ್ಯಚಿತ್ರಕಾರರ ಗುಟ್ಟೂ ಇದೇ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರು ಬಿಡಿಸಿದ ರಾಜಕಾರಣಿಗಳನ್ನು ನೋಡಿ. ಸರಾಸರಿಯಿಂದ ದೂರ ಇದ್ದದ್ದನ್ನು ಅವರು ಇನ್ನೂ ದೂರ ತಳ್ಳುತ್ತಿದ್ದರು, ಆದ್ದರಿಂದ ನಾಲ್ಕೇ ಗೆರೆಯಲ್ಲಿ ಮನುಷ್ಯ ಸಿಗುತ್ತಿದ್ದ. ನಾವು ಅಷ್ಟು ತಳ್ಳಬೇಕಾಗಿಲ್ಲ, ಇದ್ದಷ್ಟನ್ನು ಇದ್ದಲ್ಲೇ ಇಟ್ಟರೆ ಸಾಕು.

ಇನ್ನೊಂದು ಎಚ್ಚರಿಕೆಯೂ ಅಕೌಂಟೆನ್ಸಿಯದೇ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಒಂದು ತಪ್ಪು ಇನ್ನೊಂದು ತಪ್ಪನ್ನು ಸರಿದೂಗಿಸಿರಬಹುದು. ಮುಖದಲ್ಲಿ ಮೂಗು ಸ್ವಲ್ಪ ಉದ್ದವಾಗಿ ಗಲ್ಲ ಅಷ್ಟೇ ಗಿಡ್ಡವಾದರೆ ಒಟ್ಟು ಎತ್ತರ ಸರಿಯಾಗಿಯೇ ಇರುತ್ತದೆ. ನೀವು ಅಳೆದು ಸಮಾಧಾನಪಡುತ್ತೀರಿ, ನೋಡಿದವರು ಮಾತ್ರ "ಇವರ ಅಣ್ಣನ ಹಾಗಿದೆ" ಎನ್ನುತ್ತಾರೆ. ಆದ್ದರಿಂದ ಒಂದೊಂದು ಬಿಂದುವನ್ನೂ ಎರಡು ಕಡೆಯಿಂದ ಅಳೆಯಬೇಕು. ಬಾಯಿಯ ಮೂಲೆಯನ್ನು ಮೂಗಿನಿಂದಲೂ ಅಳೆಯಿರಿ, ಕಿವಿಯ ಕೆಳತುದಿಯಿಂದಲೂ ಅಳೆಯಿರಿ. ಎರಡೂ ಒಪ್ಪಿದರೆ ಮಾತ್ರ ಅದು ಅಲ್ಲಿರಲಿ. ಡಬಲ್ ಎಂಟ್ರಿ ಎಂದರೆ ಇದೇ ತಾನೆ?

ಕೆಲಸಕ್ಕೆ ಕೂರುವುದು

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಒಂದು ಎಚ್‌ಬಿ, ಒಂದು 2ಬಿ, ಒಂದು 4ಬಿ ಪೆನ್ಸಿಲು, ಅಪ್ಸರಾ ಆದರೂ ಆದೀತು ಕ್ಯಾಮ್ಲಿನ್ ಆದರೂ ಆದೀತು. ರಬ್ಬರು, ಸ್ಟೇಷನರಿ ಅಂಗಡಿಯ ಡ್ರಾಯಿಂಗ್ ಶೀಟು, ಹಾಳೆ ಸಿಕ್ಕಿಸಲು ಪರೀಕ್ಷೆಯ ಪ್ಯಾಡು. ಪ್ಯಾಡನ್ನು ಮಾತ್ರ ಮೇಜಿನ ಮೇಲೆ ಮಲಗಿಸಬೇಡಿ. ಮಲಗಿದ ಹಾಳೆಯ ಮೇಲ್ಭಾಗ ಕಣ್ಣಿಗೆ ದೂರ, ಕೆಳಭಾಗ ಹತ್ತಿರ. ಅದರ ಮೇಲೆ ಬಿಡಿಸಿದ ಮುಖವನ್ನು ಆಮೇಲೆ ಎತ್ತಿ ಹಿಡಿದರೆ ಉದ್ದಕ್ಕೆ ಎಳೆದಂತಿರುತ್ತದೆ. ಪ್ಯಾಡನ್ನು ಮೊಣಕಾಲಿನ ಮೇಲೆ ಓರೆಯಾಗಿ ನಿಲ್ಲಿಸಿಕೊಳ್ಳಿ.

ಬೆಳಕು ಒಂದೇ ಕಡೆಯಿಂದ ಬರಲಿ. ಕಿಟಕಿಯ ಪಕ್ಕ ಒಳ್ಳೆಯದು. ಕೋಣೆಯ ಎರಡೂ ಬದಿಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಮುಖ ಚಪಾತಿಯಂತೆ ಚಪ್ಪಟೆ ಕಾಣುತ್ತದೆ, ನೆರಳೇ ಸಿಗುವುದಿಲ್ಲ.

ಕುಳಿತವರಿಂದ ಐದಾರು ಅಡಿ ದೂರ ಇರಬೇಕು. ಫೋಟೊ ನೋಡಿ ಬಿಡಿಸುವವರಿಗೂ ಇದೇ ಮಾತು, ಸೆಲ್ಫಿ ಬೇಡ. ಹನ್ನೆರಡು ಅಂಗುಲ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಐದು ಅಡಿ ದೂರದ ಫೋಟೊಗಿಂತ ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಸೆಲ್ಫಿಯನ್ನು ಎಷ್ಟು ನಿಷ್ಠೆಯಿಂದ ನಕಲು ಮಾಡಿದರೂ ಆ ಮೂಗೇ ಬರುತ್ತದೆ.

ಮೊದಲ ಐದು ನಿಮಿಷ ಕಣ್ಣು-ಮೂಗುಗಳ ಹೆಸರೆತ್ತಬೇಡಿ. ತಲೆಯ ಒಟ್ಟು ಆಕಾರ, ಅದು ಎಷ್ಟು ವಾಲಿದೆ, ಕತ್ತು ಭುಜಕ್ಕೆ ಎಲ್ಲಿ ಸೇರುತ್ತದೆ, ಇಷ್ಟನ್ನು ತೆಳುವಾಗಿ ಎಳೆಯಿರಿ. ನೆತ್ತಿ ಮತ್ತು ಗಲ್ಲ ಹಾಳೆಯ ಮೇಲೆ ಎಲ್ಲಿ ಬರಬೇಕೆಂದು ಎರಡು ಗುರುತು ಹಾಕಿ, ಆಮೇಲೆ ಅವುಗಳನ್ನು ಕದಲಿಸಬೇಡಿ. ಮುಖದ ನಡುಗೆರೆ ಎಳೆಯಿರಿ. ತಲೆ ತಿರುಗಿದ್ದರೆ ಅದೂ ಬಾಗುತ್ತದೆ.

ಈಗ ಅಳತೆ. ಕೈಯನ್ನು ಪೂರ್ತಿ ಚಾಚಿ, ಮೊಣಕೈ ಮಡಿಸದೆ, ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಎದುರಿನವರ ಮುಖದ ಮೇಲೆ ಹಿಡಿಯಿರಿ. ಪೆನ್ಸಿಲಿನ ತುದಿ ಮೂಗಿನ ಬುಡಕ್ಕೆ, ಹೆಬ್ಬೆರಳ ಉಗುರು ಗಲ್ಲಕ್ಕೆ. ಇದೇ ನಿಮ್ಮ ಮಾನ. ಈ ಮಾನ ತಲೆಯ ಎತ್ತರದಲ್ಲಿ ಎಷ್ಟು ಸಲ ಬರುತ್ತದೆ, ಅಗಲದಲ್ಲಿ ಎಷ್ಟು ಸಲ? ಮೊಣಕೈ ಒಮ್ಮೆ ಮಡಿಸಿ ಒಮ್ಮೆ ಚಾಚಿದರೆ ಮಾನವೇ ಬದಲಾಗುತ್ತದೆ, ಗಜ ಕಡಿಮೆ ಮಾಡಿ ಬಟ್ಟೆ ಅಳೆದಂತೆ. ಓರೆ ಗೆರೆಗಳಿಗೂ ಪೆನ್ಸಿಲೇ ಸಾಕು. ಕಣ್ಣಿನ ಹೊರಮೂಲೆಯಿಂದ ಬಾಯಿಯ ಮೂಲೆಗೆ ಹೋಗುವ ಓರೆಗೆ ಪೆನ್ಸಿಲನ್ನು ಹೊಂದಿಸಿ, ಕೈ ತಿರುಗಿಸದೆ ಹಾಗೆಯೇ ಹಾಳೆಯ ಮೇಲೆ ತನ್ನಿ. ಒಂದು ದಾರಕ್ಕೆ ಬೀಗದ ಕೈ ಕಟ್ಟಿ ತೂಗಬಿಟ್ಟರೆ ನೇರ ಗೆರೆ ಸಿಗುತ್ತದೆ. ಕಣ್ಣಿನ ಒಳಮೂಲೆಯಿಂದ ಇಳಿಬಿಟ್ಟ ದಾರ ಮೂಗಿನ ಹೊಳ್ಳೆಗೆ ತಾಗುತ್ತದೆಯೋ, ಹೊರಗೆ ಬೀಳುತ್ತದೆಯೋ ನೋಡಿ. ಗಾರೆ ಕೆಲಸದವರು ಗೋಡೆ ನೇರ ಮಾಡುವ ತೂಕದ ದಾರವೇ ಇದು.

ಅತ್ಯಂತ ಮುಖ್ಯವಾದ ತ್ರಿಕೋನ ಒಂದಿದೆ: ಎರಡು ಕಣ್ಣುಗಳ ಹೊರಮೂಲೆಗಳು ಮತ್ತು ಮೂಗಿನ ಬುಡ. ಈ ಮೂರು ಬಿಂದುಗಳು ಸರಿಯಾಗಿ ಕುಳಿತರೆ ಹೋಲಿಕೆ ಅರ್ಧ ಬಂದಂತೆ. ಇಷ್ಟಕ್ಕೇ ಇಪ್ಪತ್ತು ನಿಮಿಷ ಹೋದರೂ ಹೋಗಲಿ. ಆಮೇಲೆ ಅದರ ಕೆಳಗೆ ಬಾಯಿಯ ಮೂಲೆಗಳು, ಮೇಲೆ ಹುಬ್ಬು.

ನಂತರ ನೆರಳು. ಕಣ್ಣನ್ನು ಅರ್ಧ ಮುಚ್ಚಿ ಎದುರಿನವರನ್ನು ನೋಡಿ. ಸಣ್ಣ ವಿವರಗಳೆಲ್ಲ ಮಾಯವಾಗಿ ಎರಡು-ಮೂರು ದೊಡ್ಡ ಕಪ್ಪು ಆಕಾರಗಳು ಉಳಿಯುತ್ತವೆ: ಕಣ್ಣಿನ ಗುಳಿ, ಮೂಗಿನ ಒಂದು ಬದಿ ಮತ್ತು ಕೆಳಗೆ, ಕೆಳದುಟಿಯ ಅಡಿ, ಗಲ್ಲದ ಅಡಿ. ಆ ಆಕಾರಗಳನ್ನು ನಕ್ಷೆಯಲ್ಲಿ ಜಿಲ್ಲೆಗಳನ್ನು ತುಂಬುವಂತೆ ಒಂದೇ ಸಮನಾದ ಬೂದು ಬಣ್ಣದಲ್ಲಿ ತುಂಬಿ. ಲಿಂಕನ್ನರ ಚೌಕಗಳು ನೆನಪಿವೆಯಲ್ಲ? ಈ ಹಂತದಲ್ಲಿ ನಿಮ್ಮ ಚಿತ್ರದಲ್ಲಿ ಕಣ್ಣುಗುಡ್ಡೆಯೂ ಇರುವುದಿಲ್ಲ, ಆದರೆ ದೂರದಿಂದ ನೋಡಿದ ತಂಗಿ ಹೆಸರು ಹೇಳಿಬಿಡಬೇಕು. ಹೇಳದಿದ್ದರೆ ರೆಪ್ಪೆ, ಕೂದಲು ಸೇರಿಸಿದರೂ ಹೇಳುವುದಿಲ್ಲ. ಅಡಿಪಾಯಕ್ಕೆ ವಾಪಸ್ಸು ಹೋಗಿ ಅಳೆಯಿರಿ.

ಹೋಲುತ್ತದೆ ಎಂದು ಹೇಳಬೇಕಾದವರು

ಬಿಡಿಸಿ ಮುಗಿಸಿದ ಕೂಡಲೇ ನಾವು ತೋರಿಸುವುದು ಕುಳಿತವರಿಗೇ. ನನ್ನ ಅಭಿಪ್ರಾಯದಲ್ಲಿ ಅವರ ತೀರ್ಪಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಅವರು ತಮ್ಮ ಮುಖವನ್ನು ನೋಡಿರುವುದು ಕನ್ನಡಿಯಲ್ಲಿ, ಎಡ ಬಲವಾಗಿ. ಹಣೆಯ ಎಡಕ್ಕೆ ತಿರುಗಿದ ಬೈತಲೆ ಅವರಿಗೆ ಗೊತ್ತಿರುವುದೇ ಬೇರೆ ಕಡೆಗೆ. ಜೊತೆಗೆ ಪ್ರತಿಯೊಬ್ಬರಿಗೂ ತಾವು ಹೀಗಿದ್ದೇವೆ ಎಂಬ ಒಂದು ಆಸೆಯೂ ಇರುತ್ತದೆ. ಅವರನ್ನು ದಿನಾ ನೋಡುವವರನ್ನು ಕೇಳಬೇಕು.

ಈ ಪದ್ಧತಿ ಹಳೆಯದು. ಮೊಘಲ್ ಬಾದಶಹ ಜಹಾಂಗೀರ್ 1613ರಲ್ಲಿ ಖಾನ್ ಆಲಂ ಎಂಬವನನ್ನು ಇರಾನಿನ ಷಾ ಅಬ್ಬಾಸನ ಆಸ್ಥಾನಕ್ಕೆ ರಾಯಭಾರಿಯಾಗಿ ಕಳಿಸಿದಾಗ, ಜೊತೆಗೆ ಬಿಷನ್‌ದಾಸ್ ಎಂಬ ಚಿತ್ರಕಾರನನ್ನೂ ಕಳಿಸಿದ. ಷಾನ ಮುಖವನ್ನು ಯಥಾವತ್ತಾಗಿ ಬಿಡಿಸಿ ತರುವುದು ಅವನ ಕೆಲಸ. ಹೋಲಿಕೆ ಹಿಡಿಯುವುದರಲ್ಲಿ ಅವನಿಗೆ ಸರಿಸಾಟಿ ಇಲ್ಲವೆಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಹೊಗಳಿದ್ದಾನೆ. ಚಿತ್ರ ಬಂದಾಗ ಜಹಾಂಗೀರ್ ಅದನ್ನು ತೋರಿಸಿದ್ದು ಷಾನನ್ನು ಕಣ್ಣಾರೆ ಕಂಡಿದ್ದ ಜನರಿಗೆ. ಅವರು ಒಪ್ಪಿದರು. ಬಿಷನ್‌ದಾಸನಿಗೆ ಒಂದು ಆನೆ ಬಹುಮಾನವಾಗಿ ಸಿಕ್ಕಿತು. (ನಮಗೆ ಊಟದ ಬಿಡುವಿನಲ್ಲಿ ಸಮೋಸ ಸಿಕ್ಕರೆ ಹೆಚ್ಚು.) ಹಲವರು ಸೇರಿ ಬಿಡಿಸಿದ ಚಿತ್ರದಲ್ಲಿ ಕಣ್ಣು ಯಾರದು, ಹುಬ್ಬು ಯಾರದು ಎಂದು ಹೇಳಬಲ್ಲೆ ಎಂದೂ ಜಹಾಂಗೀರ್ ಬರೆದುಕೊಂಡಿದ್ದಾನೆ. ಆ ಕಾಲದ ಕಾರ್ಖಾನೆಗಳಲ್ಲಿ ಒಬ್ಬ ರೇಖೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುತ್ತಿದ್ದ, ಮುಖಕ್ಕೆ ಮಾತ್ರ ಬೇರೆಯೇ ಪರಿಣತ. ಆ ಕೆಲಸಕ್ಕೆ 'ಚೆಹ್ರಾ-ನಾಮಿ' ಎಂಬ ಹೆಸರೂ ಇತ್ತು.

ಜಹಾಂಗೀರನ ಕಾಲದ ಭಾವಚಿತ್ರಗಳಲ್ಲಿ ಬಹುಪಾಲು ಪಾರ್ಶ್ವಮುಖ, ಅಂದರೆ ಒಂದು ಕಣ್ಣು ಮಾತ್ರ ಕಾಣುವಂತೆ ಪಕ್ಕಕ್ಕೆ ತಿರುಗಿದ ಮುಖ. ಹೊಸಬರು ಇದರಿಂದಲೇ ಶುರು ಮಾಡುವುದು ಒಳ್ಳೆಯದು ಎಂದು ನನಗನಿಸುತ್ತದೆ. ಹಣೆ, ಮೂಗು, ತುಟಿ, ಗಲ್ಲ ಎಲ್ಲವೂ ಒಂದೇ ಗೆರೆಯಲ್ಲಿ ಸಿಗುತ್ತವೆ, ಮತ್ತು ಆ ಗೆರೆ ಒಬ್ಬೊಬ್ಬರದೂ ಬೇರೆ. ಒಂದು ಎಚ್ಚರಿಕೆ ಇರಲಿ, ಕಿವಿಯ ಹಿಂದೆಯೂ ತಲೆ ಇದೆ. ಅದನ್ನು ಮರೆತು ಬಿಡಿಸಿದ ಪಾರ್ಶ್ವಮುಖಗಳು ಬಹಳ.

ನಮ್ಮ ವಿಜಯಪುರದವರೂ ಹಿಂದೆ ಬಿದ್ದವರಲ್ಲ. ಇಬ್ರಾಹಿಂ ರೋಜಾದಲ್ಲಿ ಮಣ್ಣಾಗಿರುವ ಎರಡನೆಯ ಇಬ್ರಾಹಿಂ ಆದಿಲ್ ಶಾ (ಆಳ್ವಿಕೆ 1580–1627) ಅವರ ಹಲವು ಭಾವಚಿತ್ರಗಳು ಉಳಿದಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದರಲ್ಲಿ ಅವರು ಸಂಗೀತದ ಚಿಟಿಕೆತಾಳ ಹಿಡಿದಿದ್ದಾರೆ. ಸಂಗೀತಪ್ರಿಯ ಸುಲ್ತಾನರನ್ನು ಕತ್ತಿಯಿಲ್ಲದೆ ತಾಳ ಕೊಟ್ಟು ಬಿಡಿಸಿದ ಆ ಚಿತ್ರಕಾರ ಹೋಲಿಕೆ ಮುಖದಾಚೆಗೂ ಇರುತ್ತದೆ ಎಂದು ಬಲ್ಲವನು.

ದಾದಾ ಅವರ ಕತ್ತು

ಮುಖದಾಚೆಗೆ ಎಂದರೆ ಏನೆಂದು ಹೇಳಲು ನಮ್ಮ ಮನೆಯದೇ ಉದಾಹರಣೆ ಇದೆ. ನಮ್ಮ ದಾದಾ ದರ್ಜಿಯಾಗಿದ್ದರು. ನನ್ನ ಚಿಕ್ಕ ತಮ್ಮ ಹುಟ್ಟುವ ಮೊದಲೇ ತೀರಿಕೊಂಡರು. ಮನೆಯಲ್ಲಿ ಉಳಿದಿರುವ ಅವರ ಫೋಟೊ ಒಂದೇ, ವೋಟರ್ ಕಾರ್ಡಿನದು. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು, ಮಸುಕು, ಕಪ್ಪು-ಬಿಳುಪು. ಕಣ್ಣಿರುವ ಜಾಗದಲ್ಲಿ ಎರಡು ಕಪ್ಪು ಮಚ್ಚೆ. ಆದರೂ ಓಣಿಯ ಹಿರಿಯರು ಯಾರೇ ನೋಡಿದರೂ ಅದು ಅವರೇ ಎಂದು ಅರೆಗಳಿಗೆಯಲ್ಲಿ ಹೇಳುತ್ತಾರೆ. ಹೋದ ವರ್ಷ ದಾದಿ ಅದನ್ನು ಕೊಟ್ಟು, ದೊಡ್ಡದಾಗಿ ಬಿಡಿಸಿಕೊಡು, ಈ ಹುಡುಗನಿಗೆ ಅವರ ಮುಖವೇ ಗೊತ್ತಿಲ್ಲ ಎಂದರು.

ಅಷ್ಟು ಚಿಕ್ಕ ಫೋಟೊದಿಂದ ಬಿಡಿಸುವಾಗ ಒಂದು ದೊಡ್ಡ ಆಮಿಷ ಇರುತ್ತದೆ. ಕಾಣದ್ದನ್ನು ನಾವೇ ತುಂಬಿಬಿಡುವುದು: ಮುದುಕರಲ್ಲವೇ, ನಾಲ್ಕು ಸುಕ್ಕು ಇರಲಿ, ಕಣ್ಣಿಗೊಂದು ಹೊಳಪು ಇರಲಿ ಎಂದು. ಆ ಸುಕ್ಕು ಇನ್ಯಾರದೋ ಅಜ್ಜನದಾಗಿರುತ್ತದೆ. ನಾನು ಫೋಟೊವನ್ನು ತಲೆಕೆಳಗೆ ಇಟ್ಟುಕೊಂಡು ಅದರ ಕಪ್ಪು-ಬಿಳುಪಿನ ಆಕಾರಗಳನ್ನಷ್ಟೇ ದೊಡ್ಡದು ಮಾಡಿದೆ. ತಲೆಕೆಳಗಾದಾಗ ಅದು ಮುಖವೆಂದು ಮನಸ್ಸು ಓದುವುದಿಲ್ಲ, ಕೈ ಕಂಡದ್ದನ್ನು ಮಾತ್ರ ಬಿಡಿಸುತ್ತದೆ. ಥ್ಯಾಚರ್ ಫೋಟೊದ ಪಾಠ ಇಲ್ಲಿ ಕೆಲಸಕ್ಕೆ ಬಂತು.

ದಾದಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಸೂರತ್ ಉನೋಚ್ ಹೈ, ಗರ್ದನ್ ಉನಕೀ ನೈ" ಎಂದರು. ಮುಖ ಅವರದೇ, ಕತ್ತು ಅವರದಲ್ಲ. ವೋಟರ್ ಕಾರ್ಡಿಗೆ ಫೋಟೊ ತೆಗೆಯುವಾಗ ನೆಟ್ಟಗೆ ಕೂರಿಸಿ ತೆಗೆಯುತ್ತಾರೆ. ನಲವತ್ತು ವರ್ಷ ಹೊಲಿಗೆಯಂತ್ರದ ಮೇಲೆ ಬಾಗಿದ ದಾದಾ ಅವರ ಕತ್ತು ಎಡಕ್ಕೆ ವಾಲಿಕೊಂಡೇ ಇರುತ್ತಿತ್ತಂತೆ. ಮಸೀದಿಗೆ ಹೋಗುವಾಗಲೂ ಹಾಗೇ. ಫೋಟೊ ಹೇಳದ ಸಂಗತಿ ಇದು.

ಆಮೇಲೆ ನಾನು ಪ್ರಶ್ನೆ ಕೇಳಲು ಶುರು ಮಾಡಿದೆ. ದಾದಿಯನ್ನು, ಅಬ್ಬಾರನ್ನು, ದಾದಾ ಅವರ ಹತ್ತಿರ ಬಟ್ಟೆ ಹೊಲಿಸುತ್ತಿದ್ದ ಪಕ್ಕದ ಮನೆಯ ಚಾಚಾರನ್ನು ಬೇರೆ ಬೇರೆಯಾಗಿ ಕೇಳಿದೆ. ಒಟ್ಟಿಗೆ ಕೇಳಿದರೆ ಒಬ್ಬರು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ. ಟೋಪಿ ಹಿಂದಕ್ಕೆ ಸರಿದಿರುತ್ತಿತ್ತು ಎಂದು ಮೂವರೂ ಹೇಳಿದರು. ಮಾತನಾಡುವಾಗ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು ಎಂದು ಇಬ್ಬರು. ಬಾಯಲ್ಲಿ ಸೂಜಿ ಹಿಡಿದುಕೊಂಡೇ ಮಾತನಾಡುತ್ತಿದ್ದರು ಎಂದು ಚಾಚಾ ಒಬ್ಬರೇ. ಎರಡನೆಯ ಚಿತ್ರದಲ್ಲಿ ತಲೆಯನ್ನು ಎಡಕ್ಕೆ ವಾಲಿಸಿದೆ, ಟೋಪಿಯನ್ನು ಹಿಂದಕ್ಕೆ ಇಟ್ಟೆ, ದೃಷ್ಟಿಯನ್ನು ಕೆಳಗೆ, ಬಟ್ಟೆಯ ಮೇಲೆ ಇಟ್ಟೆ. ತಲೆ ವಾಲಿದಾಗ ಕಣ್ಣು, ಮೂಗು, ಬಾಯಿ ಎಲ್ಲದರ ಗೆರೆಗಳೂ ಅಷ್ಟೇ ವಾಲಬೇಕು, ಆದ್ದರಿಂದ ಮೊದಲಿನಿಂದ ಬಿಡಿಸಬೇಕಾಯಿತು. ಮಸುಕಾದದ್ದನ್ನು ಮಸುಕಾಗಿಯೇ ಬಿಟ್ಟೆ. ದಾದಿ ಏನೂ ಹೇಳಲಿಲ್ಲ. ತಮ್ಮ ಮಾತ್ರ "ದಾದಾ ನನ್ನ ಕಡೆ ಯಾಕೆ ನೋಡ್ತಿಲ್ಲ?" ಎಂದು ಕೇಳಿದ. "ಕೆಲಸ ಇದೆ ಅವರಿಗೆ" ಎಂದರು ದಾದಿ.

ಚಿತ್ರ ಗೋಡೆಯ ಮೇಲಿಲ್ಲ. ನಮ್ಮ ಮನೆಯಲ್ಲಿ ನಮಾಜ್ ಮಾಡುವ ಕೋಣೆಯಲ್ಲಿ ಚಿತ್ರ ತೂಗುಹಾಕುವುದಿಲ್ಲ, ಇರುವುದೂ ಒಂದೇ ದೊಡ್ಡ ಕೋಣೆ. ಮುಖದ ಚಿತ್ರ ಬಿಡಿಸುವ ಬಗ್ಗೆ ನಮ್ಮ ಹಿರಿಯರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವ ವಿದ್ಯೆ ನನ್ನಲ್ಲಿಲ್ಲ, ನಿಮ್ಮ ಮನೆಯವರನ್ನು ಕೇಳಿಯೇ ಬಿಡಿಸಿ. ದಾದಿ ಅದನ್ನು ಮನೆಯ ಕಾಗದಪತ್ರಗಳ ಜೊತೆ ಟ್ರಂಕಿನಲ್ಲಿಟ್ಟಿದ್ದಾರೆ.

ಸ್ಕಾರ್ಫ್, ಗಡ್ಡ, ಕನ್ನಡಕ

ನಮ್ಮ ಕಾಲೇಜಿನಲ್ಲಿ ಬಿಡಿಸುವವರಿಗೆ ಪುಸ್ತಕಗಳಲ್ಲಿ ಸಿಗದ ಒಂದೆರಡು ತೊಡಕುಗಳಿವೆ. ಸ್ಕಾರ್ಫ್ ಧರಿಸಿದ ಗೆಳತಿಯನ್ನು ಬಿಡಿಸುವಾಗ ಕೂದಲ ಗೆರೆಯಿಲ್ಲ, ಕಿವಿಯಿಲ್ಲ. ಅಳತೆಗೆ ಹಿಡಿಯುವ ಗೂಟಗಳೇ ಕಡಿಮೆ. ಬಟ್ಟೆಯ ಅಂಚನ್ನೇ ಚೌಕಟ್ಟು ಎಂದುಕೊಳ್ಳಿ. ಅದು ಹಣೆಯ ಮೇಲೆ ಹುಬ್ಬಿನಿಂದ ಎಷ್ಟು ದೂರ, ಕೆನ್ನೆಯನ್ನು ಎಲ್ಲಿ ಕತ್ತರಿಸುತ್ತದೆ, ಗಲ್ಲದ ಕೆಳಗೆ ಮೊದಲ ಮಡಿಕೆ ಎಲ್ಲಿ ಬೀಳುತ್ತದೆ ಎಂದು ಅಳೆಯಿರಿ. ಪಿನ್ ಹಾಕುವ ಜಾಗ ಒಬ್ಬೊಬ್ಬರಿಗೆ ಒಂದೊಂದು ಕಡೆ, ಗೆಳತಿಯರಿಗೆ ಅದರಿಂದಲೇ ಗುರುತು ಸಿಗುತ್ತದೆ. ಬಟ್ಟೆಯ ಒಳಗೆ ಪೂರ್ತಿ ತಲೆ ಇದೆ ಎಂಬುದನ್ನು ಮರೆಯದೆ ಮೊದಲು ತಲೆಯ ದುಂಡನ್ನು ತೆಳುವಾಗಿ ಎಳೆದು, ಆಮೇಲೆ ಅದರ ಮೇಲೆ ಬಟ್ಟೆ ಹೊದಿಸಿ. ಬಿಡಿಸಿದ ಚಿತ್ರವನ್ನು ಅವಳನ್ನು ಕೇಳದೆ ಮೊಬೈಲಿನಲ್ಲಿ ಯಾರಿಗೂ ಕಳಿಸಬೇಡಿ.

ಗಡ್ಡಕ್ಕೂ ಇದೇ ನಿಯಮ. ಗಲ್ಲ ಎಲ್ಲಿ ಮುಗಿಯುತ್ತದೆ ಎಂದು ಕಂಡುಕೊಂಡ ಮೇಲೆಯೇ ಕೂದಲು. ಗಡ್ಡದ ತುದಿಯನ್ನೇ ಗಲ್ಲವೆಂದುಕೊಂಡರೆ ಕಣ್ಣು ನಡುವಿಗೆ ಬರುವುದೇ ಇಲ್ಲ. ಕನ್ನಡಕವನ್ನು ಮೊದಲು ಬಿಡಿಸಿ ಅದರೊಳಗೆ ಕಣ್ಣು ಕೂರಿಸಲು ಹೋಗಬೇಡಿ, ಕಣ್ಣು ಕೂತ ಮೇಲೆ ಕನ್ನಡಕ. ಚಿಕ್ಕ ಮಕ್ಕಳಲ್ಲಿ ಕಣ್ಣಿನ ಗೆರೆ ನಡುವಿಗಿಂತ ಕೆಳಗಿರುತ್ತದೆ. ದೊಡ್ಡವರ ಅನುಪಾತ ಹಾಕಿದರೆ ಮಗು ಗುಮಾಸ್ತನಂತೆ ಕಾಣುತ್ತದೆ. ಹಲ್ಲು ಕಾಣುವ ನಗುವನ್ನು ಮೊದಲ ವರ್ಷ ಬಿಟ್ಟುಬಿಡಿ. ಕುಳಿತವರಿಗೆ ಐದು ನಿಮಿಷಕ್ಕಿಂತ ಹೆಚ್ಚು ನಗಲೂ ಆಗುವುದಿಲ್ಲ.

ಚಿತ್ರ ಮುಗಿಯಿತು ಎನಿಸಿದಾಗ ಅದನ್ನು ಕನ್ನಡಿಗೆ ಹಿಡಿದು ನೋಡಿ. ಕಣ್ಣು ಒಗ್ಗಿಹೋಗಿದ್ದ ಸೊಟ್ಟ ಅಲ್ಲಿ ಎದ್ದು ಕಾಣುತ್ತದೆ. ಕನ್ನಡಿ ಇಲ್ಲದಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಬಹುದು. ಇದೂ ಸಾಲದಿದ್ದರೆ ಗೋಡೆಗೆ ಮುಖಮಾಡಿ ಇಟ್ಟು, ಬೆಳಿಗ್ಗೆ ಎದ್ದು ಮೊದಲ ನೋಟಕ್ಕೆ ಏನು ಅನಿಸುತ್ತದೆ ನೋಡಿ. ಹಾಳೆಯ ಹಿಂದೆ ಹೆಸರು, ತಾರೀಖು ಬರೆದಿಡಿ.

ಯಾರನ್ನು ಬಿಡಿಸುವುದು ಎಂಬ ಪ್ರಶ್ನೆಗೆ ನನ್ನ ಉತ್ತರ: ಅರವತ್ತು ದಾಟಿದವರನ್ನು. ಅವರ ಮುಖದಲ್ಲಿ ಎಲುಬು, ಗುಳಿ, ಗೆರೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ, ಅವರು ಅಲುಗಾಡದೆ ಕೂರುತ್ತಾರೆ, ಕೂತು ಕಥೆಯನ್ನೂ ಹೇಳುತ್ತಾರೆ. ಅಸರ್ ನಮಾಜಿನ ನಂತರ ತಸ್ಬಿ ಹಿಡಿದು ಕೂತ ದಾದಿ ಅರ್ಧ ಗಂಟೆ ಕದಲುವುದಿಲ್ಲ. ಅಮ್ಮಿಯ ವಿಷಯ ಬೇರೆ, ಅವರು ಎರಡು ನಿಮಿಷವೂ ಒಂದು ಕಡೆ ಕೂತವರಲ್ಲ. ಅವರದು ನನ್ನ ಹತ್ತಿರ ಹನ್ನೊಂದು ಚಿತ್ರಗಳಿವೆ, ಎಲ್ಲವೂ ರೊಟ್ಟಿ ಬಡಿಯುವಾಗ ಬಾಗಿಲ ಬಳಿ ಕೂತು ಬಿಡಿಸಿದವು, ಎಲ್ಲವೂ ಪಾರ್ಶ್ವಮುಖ.